ಒಡ್ಡು ಮತ್ತು ತೂಬು: ಆತಂಕದ ಎದುರು ಮನಸ್ಸು



ಮನಸ್ಸಿನ ವಿಷಯವನ್ನು ಕನ್ನಡದಲ್ಲಿ ಮಾತಾಡಲು ಹೊರಟವರು ಮೊದಲಿಗೆ ಪರಿಭಾಷೆಯ ಬಡತನದ ಬಗ್ಗೆ ಒಂದಿಷ್ಟು ಅತ್ತುಕೊಳ್ಳುವುದು ರೂಢಿ. ನನಗೆ ಆ ಅಳುವಿನಲ್ಲಿ ನಂಬಿಕೆಯಿಲ್ಲ. ಆತಂಕ ಒಂದಕ್ಕೇ ನಮ್ಮಲ್ಲಿ ಎಷ್ಟು ಮಾತುಗಳಿವೆ ನೋಡಿ: ದಿಗಿಲು, ಕಳವಳ, ತಳಮಳ, ಅಳುಕು, ಅಂಜಿಕೆ, ಹೆದರಿಕೆ, ದುಗುಡ. ಇವೆಲ್ಲ ಒಂದೇ ಪದಾರ್ಥಕ್ಕಿಟ್ಟ ಬೇರೆ ಬೇರೆ ಹೆಸರುಗಳಲ್ಲ. ಹೆದರಿಕೆಗೆ ಎದುರಿಗೊಂದು ಹಾವೋ, ಬಾಗಿಲಲ್ಲಿ ನಿಂತ ಸಾಲ ಕೊಟ್ಟವನೋ ಬೇಕು. ಕಳವಳಕ್ಕೆ ಎದುರಿಗೆ ಯಾರೂ ಬೇಡ, ಅದು ಒಬ್ಬರೇ ಕೂತಾಗಲೂ ಬರುತ್ತದೆ. ಅಳುಕಿನಲ್ಲಿ ನಮ್ಮದೇ ಏನೋ ತಪ್ಪಿನ ವಾಸನೆಯಿದೆ. ತಳಮಳ ಹೊಟ್ಟೆಯಲ್ಲಿ ಆಗುತ್ತದೆ, ದುಗುಡ ಮುಖದ ಮೇಲೆ ಕಾಣುತ್ತದೆ. ಹೈದರಾಬಾದಿನ ಕಾಚಿಗೂಡದ ಮನೆಗಳ ಕನ್ನಡ ಇವುಗಳ ಜೊತೆಗೆ ಇನ್ನೂ ಕೆಲವನ್ನು ಸೇರಿಸಿಕೊಂಡಿದೆ: ಫಿಕರ್, ಘಾಬರಿ, ಬೇಚೈನಿ. 'ಪರವಾಗಿಲ್ಲ' ಎಂದು ಇಡೀ ಕರ್ನಾಟಕ ದಿನಕ್ಕೆ ನೂರು ಸಲ ಹೇಳುವ ಸಮಾಧಾನದ ಮಾತಿನೊಳಗೂ ಉರ್ದುವಿನ 'ಪರವಾ' ಕೂತಿದೆ. ಪರವಾ ಎಂದರೆ ಚಿಂತೆ. ಚಿಂತೆಯಿಲ್ಲ ಎಂದು ಹೇಳಲೂ ಚಿಂತೆಯ ಹೆಸರೆತ್ತಬೇಕಾಗುತ್ತದೆ.

ವ್ಯಾಕರಣವನ್ನೂ ಗಮನಿಸಿ. ನಾವು 'ನನಗೆ ಭಯವಾಯಿತು' ಎನ್ನುತ್ತೇವೆ. ಬೀದರ, ಕಲಬುರಗಿ ಕಡೆಯವರು 'ನನಗ ಚಿಂತಿ ಹತ್ಯಾದ' ಎನ್ನುತ್ತಾರೆ. ಇಲ್ಲಿ 'ನಾನು' ಕರ್ತೃವಲ್ಲ. ಚತುರ್ಥಿ ವಿಭಕ್ತಿಯಲ್ಲಿ, ಪಾರ್ಸೆಲ್ ತೆಗೆದುಕೊಳ್ಳುವವನ ಜಾಗದಲ್ಲಿ ನಾನು ನಿಂತಿದ್ದೇನೆ. ಭಯ ಬರುತ್ತದೆ, ಚಿಂತೆ ಹತ್ತುತ್ತದೆ, ಅಂಟುತ್ತದೆ. ಹಾಗೆ ಬರುವುದನ್ನು ಮನಸ್ಸು ಬಾಗಿಲಲ್ಲೇ ಹೇಗೆ ತಡೆಯುತ್ತದೆ, ತಡೆದುದಕ್ಕೆ ಏನು ತೆರುತ್ತದೆ ಎಂಬುದು ಇಂದಿನ ಉಪನ್ಯಾಸದ ವಿಷಯ.

ಮನೋವಿಜ್ಞಾನದ ಕನ್ನಡ ಪುಸ್ತಕಗಳಲ್ಲಿ ಈ ತಡೆಗೆ 'ರಕ್ಷಣಾ ತಂತ್ರ' ಎಂಬ ಹೆಸರು ನಿಂತುಬಿಟ್ಟಿದೆ. ಆ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ತಂತ್ರ ಎಂದೊಡನೆ ಬೇಕೆಂದೇ ಹೂಡಿದ ಉಪಾಯ, ಸ್ವಲ್ಪ ಕಪಟ ಎಂಬ ಅರ್ಥ ಬಂದು ಕೂರುತ್ತದೆ. ಆದರೆ ಈ ವ್ಯಾಪಾರದ ಮುಖ್ಯ ಲಕ್ಷಣವೆಂದರೆ ಅದನ್ನು ನಡೆಸುತ್ತಿರುವವನಿಗೇ ಅದು ಗೊತ್ತಿರುವುದಿಲ್ಲ. ಸಿಗ್ಮಂಡ್ ಫ್ರಾಯ್ಡ್ ಬಳಸಿದ ಜರ್ಮನ್ ಪದ 'ಆಬ್‌ವೇರ್'; ಬರುವುದನ್ನು ತಡೆದು ಆಚೆಗೆ ತಳ್ಳುವುದು ಎಂದು ಅದರ ಅರ್ಥ. ಹಳ್ಳಕ್ಕೆ ಅಡ್ಡ ಕಟ್ಟಿದ ಮಣ್ಣಿಗೆ, ಹೊಲದ ಇಳಿಜಾರಿಗೆ ಹಾಕಿದ ದಿಬ್ಬಕ್ಕೆ ನಾವು 'ಒಡ್ಡು' ಅನ್ನುತ್ತೇವಲ್ಲ, ಆ ಮಾತು ಇದಕ್ಕೆ ಹೆಚ್ಚು ಹತ್ತಿರ. ಒಡ್ಡಿನಲ್ಲಿ ಮೋಸವಿಲ್ಲ. ಒಡ್ಡು ಇಲ್ಲದ ಹೊಲದ ಮಣ್ಣು ಒಂದೇ ಮಳೆಗೆ ಕೊಚ್ಚಿಹೋಗುತ್ತದೆ. ಆದರೆ ತೂಬು ಇಲ್ಲದ ಒಡ್ಡು ಕಟ್ಟಿದವನ ಗತಿ ಏನಾಗುತ್ತದೆಂದು ಕೆರೆ ಕಂಡ ಯಾರಿಗೂ ಹೇಳಬೇಕಾಗಿಲ್ಲ.

ಈ ವಿಚಾರದ ಚರಿತ್ರೆಯನ್ನು ಬೇಗ ದಾಟೋಣ. 1894ರಲ್ಲಿ ಫ್ರಾಯ್ಡ್ ಬರೆದ ಒಂದು ಪ್ರಬಂಧದಲ್ಲಿ ಮೊದಲ ಬಾರಿಗೆ 'ರಕ್ಷಣೆ' ಎಂಬ ಮಾತು ಈ ಅರ್ಥದಲ್ಲಿ ಬಂತು: ಸಹಿಸಲಾಗದ ಒಂದು ವಿಚಾರವನ್ನು ಮನಸ್ಸು ತನ್ನಿಂದ ದೂರ ಮಾಡುತ್ತದೆ, ಆದರೆ ಅದರ ಕಾವನ್ನು ಆರಿಸಲಾರದೆ ಬೇರೆಡೆ ಹರಿಸುತ್ತದೆ, ಕೆಲವೊಮ್ಮೆ ಕೈಕಾಲಿಗೇ. ಬಹುಕಾಲ ಅವರು ದಮನದಿಂದ, ಅಂದರೆ ಸಹಿಸಲಾಗದ್ದನ್ನು ಅರಿವಿನಿಂದ ಆಚೆಗೆ ಒತ್ತಿಡುವುದರಿಂದ, ಆತಂಕ ಹುಟ್ಟುತ್ತದೆ ಎಂದು ನಂಬಿದ್ದರು. 1926ರಲ್ಲಿ, 70ರ ವಯಸ್ಸಿನಲ್ಲಿ, ಆ ಮಾತನ್ನು ತಿರುವಿಹಾಕಿದರು. ಆತಂಕವೇ ಮೊದಲು, ಅದೊಂದು ಸೂಚನೆ, ಸಿಗ್ನಲ್. ಅದನ್ನು ಕಂಡು ಮನಸ್ಸು ದಮನಕ್ಕೆ ಕೈಹಾಕುತ್ತದೆ. 1916ರಲ್ಲಿ ಕಟ್ಟಿದ ಕಾಚಿಗೂಡ ರೈಲು ನಿಲ್ದಾಣದ ಪಕ್ಕದಲ್ಲಿ ಬಾಳುವ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಕೆಂಪು ದೀಪವೇ ಅಪಘಾತವಲ್ಲ, ಮುಂದೆ ಏನೋ ಇದೆ ಎಂಬ ಸುದ್ದಿ ಅದು. ಮಗಳು ಆ್ಯನಾ ಫ್ರಾಯ್ಡ್ ತಂದೆಯ 80ನೇ ಹುಟ್ಟುಹಬ್ಬಕ್ಕೆ, 1936ರಲ್ಲಿ, ಈ ರಕ್ಷಣೆಗಳ ಬಗ್ಗೆ ಒಂದು ಪುಸ್ತಕವನ್ನೇ ಕೊಟ್ಟರು. ಎರಡು ವರ್ಷಕ್ಕೆ ವಿಯೆನ್ನಾ ನಾಜಿಗಳ ಪಾಲಾಗಿ, ಗೆಸ್ಟಾಪೊ ಆಕೆಯನ್ನು ವಿಚಾರಣೆಗೆ ಎಳೆದೊಯ್ದಿತು. ಆಕ್ರಮಣಕಾರನ ಹಾಗೆ ತಾನೇ ಆಗಿಬಿಡುವ ಮೂಲಕ ಭಯವನ್ನು ಗೆಲ್ಲುವ ಬಗೆಯನ್ನು ಆ ಪುಸ್ತಕದಲ್ಲಿ ಆಕೆ ಆಗಲೇ ವಿವರಿಸಿ ಆಗಿತ್ತು. ಇದನ್ನೆಲ್ಲ ಪರದೇಶದ ಸರಕು ಎಂದು ಬದಿಗಿಡುವವರಿಗೆ ಒಂದು ಮಾತು: ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ ಡಾಕ್ಟರೇಟಿಗೆ ಆರಿಸಿಕೊಂಡದ್ದು ದಮನದ ಪರಿಕಲ್ಪನೆಯನ್ನೇ, ಅದು ಪುಸ್ತಕವಾದದ್ದು 1921ರಲ್ಲಿ. ಮರುವರ್ಷ ಅವರು ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು, ಫ್ರಾಯ್ಡ್ ಜೊತೆ ಕಾಗದದಲ್ಲೇ ಜಗಳವನ್ನೂ ಆಡಿದರು.

ಆದರೆ ಬೋಸ್‌ಗಿಂತ, ಫ್ರಾಯ್ಡ್‌ಗಿಂತ ಮುಂಚೆ ನಮ್ಮ ಗಾದೆಗಳಿದ್ದವು. ಗಂಡನಿಗೆ ಆಫೀಸಿನಲ್ಲಿ ಬೈಗುಳ, ಹೆಂಡತಿಗೆ ಗಂಡನಿಂದ ಬೈಗುಳ, ಮಗುವಿನ ಬೆನ್ನಿಗೆ ಗುದ್ದು; ಇದನ್ನು ಪುಸ್ತಕ ಸ್ಥಾನಪಲ್ಲಟ ಎನ್ನುತ್ತದೆ. ನಮ್ಮವರು 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂದು ಮುಗಿಸಿದರು. ಸೋಲಿಗೆ ಕಾರಣ ಹೊರಗೆ ಹುಡುಕುವ ಸಮರ್ಥನೆಗೆ 'ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ'. ಒಳಗಿನ ದ್ವೇಷವನ್ನು ಅತಿಯಾದ ಪ್ರೀತಿಯಿಂದ ಮುಚ್ಚುವುದಕ್ಕೆ 'ಅತಿ ವಿನಯಂ ಧೂರ್ತ ಲಕ್ಷಣಂ'. ಕಂಡದ್ದನ್ನು ಕಾಣದ ಹಾಗೆ ಮಾಡುವ ನಿರಾಕರಣೆಗೆ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು. ಆ್ಯನಾ ಫ್ರಾಯ್ಡ್ ಹೇಳಿದ ಆಕ್ರಮಣಕಾರನ ಅನುಕರಣೆಗೆ ಯಾವ ಗಾದೆ ಎಂದು ಹುಡುಕಿದರೆ 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಸಿಗುತ್ತದೆ. ಆ ಗಾದೆ ಕಾಲಚಕ್ರದ ಸಮಾಧಾನವನ್ನಷ್ಟೇ ಹೇಳುತ್ತದೆ ಎಂದು ತಿಳಿದವರು ಮೂವತ್ತು ವರ್ಷ ಅತ್ತೆಯ ಕೈಕೆಳಗೆ ನವೆದ ಸೊಸೆ ಮನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ದಿನ ಯಾರ ದನಿಯಲ್ಲಿ ಮಾತಾಡುತ್ತಾಳೆಂದು ಕೇಳಿಸಿಕೊಂಡಿಲ್ಲ.

ಈ ಗಾದೆಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ಕುಣಿಯಲಾರದವಳು 'ಅಂದಳಂತೆ'. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ 'ನೋಡಿಕೊಂಡನಂತೆ'. ಎಲ್ಲವೂ ಪ್ರಥಮ ಪುರುಷದಲ್ಲಿ, ಎಲ್ಲವೂ ಯಾರೋ ಹೇಳಿದ ಸುದ್ದಿ. 'ನಾನು ಕುಣಿಯಲಾರದೆ ಅಂಗಳ ಡೊಂಕು ಅಂದೆ' ಎಂಬ ಗಾದೆ ಯಾವ ಊರಿನಲ್ಲೂ ಇಲ್ಲ. ನಕ್ಕವರೆಲ್ಲ ಪಕ್ಕದ ಮನೆಯ ಒಡ್ಡನ್ನು ಕಂಡು ನಕ್ಕವರು. ತನ್ನ ಒಡ್ಡು ತನಗೆ ಕಾಣುವುದಿಲ್ಲ, ಕಂಡರೆ ಅದು ಕೆಲಸ ಮಾಡುವುದಿಲ್ಲ. ಈ ಸಣ್ಣ 'ಅಂತೆ' ಪ್ರತ್ಯಯ ಫ್ರಾಯ್ಡ್ ನೂರಾರು ಪುಟಗಳಲ್ಲಿ ಹೇಳಿದ ಒಂದು ಮಾತನ್ನು ಬಾಲದಲ್ಲಿ ಕಟ್ಟಿಕೊಂಡು ಓಡಾಡುತ್ತಿದೆ.

ಕೇಳುಗರೇ, ಒಡ್ಡು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಐವತ್ತೈದು ದಾಟಿದ ಗಂಡಸು. ರಾತ್ರಿ ಊಟವಾದ ಮೇಲೆ ಎದೆಯ ನಡುವೆ ಭಾರ, ಎಡಗೈಯಲ್ಲಿ ಸೆಳೆತ, ಹಣೆಯಲ್ಲಿ ಬೆವರು. ಅವನು ಹೇಳುವುದೇನು? 'ಗ್ಯಾಸ್ ಆಗ್ಯಾದ, ಒಂದು ಸೋಡಾ ತರಸು, ಹೋಗ್ತದ.' ಮನೆಯವರು ಆಸ್ಪತ್ರೆ ಎಂದರೆ ರೇಗುತ್ತಾನೆ. ಆ ರೇಗುವುದರಲ್ಲೇ ಅವನ ಹೆದರಿಕೆಯ ಅಳತೆಯಿದೆ. ಈ ನಿರಾಕರಣೆ ಜೀವ ತೆಗೆಯುತ್ತದೆ. ಹೃದಯಾಘಾತದಲ್ಲಿ ಕಳೆದುಹೋದ ಒಂದೊಂದು ಗಂಟೆಗೂ ಬೆಲೆಯಿದೆ. ಆದರೆ ಅದೇ ಮನುಷ್ಯ ಹೇಗೋ ಆಸ್ಪತ್ರೆ ಸೇರಿದ ಎನ್ನಿ. 1968ರಲ್ಲಿ ಅಮೆರಿಕದ ಹ್ಯಾಕೆಟ್ ಮತ್ತು ಕ್ಯಾಸೆಮ್ ಎಂಬ ವೈದ್ಯರ ತಂಡ ಹೃದ್ರೋಗದ ತೀವ್ರ ನಿಗಾ ಘಟಕದಲ್ಲಿ ಮಲಗಿದವರನ್ನು ಗಮನಿಸಿ ಒಂದು ವಿಚಿತ್ರವನ್ನು ವರದಿ ಮಾಡಿತು. 'ನನಗೇನೂ ಆಗಿಲ್ಲ, ನನಗೆ ಹೆದರಿಕೆಯೇ ಇಲ್ಲ' ಎಂದು ಗಟ್ಟಿಯಾಗಿ ನಿರಾಕರಿಸಿದವರು ಆ ಮೊದಲ ದಿನಗಳನ್ನು ಹೆದರಿದವರಿಗಿಂತ ಚೆನ್ನಾಗಿ ದಾಟುತ್ತಿದ್ದರು. ಮನೆಯಲ್ಲಿ ಕೊಲ್ಲುವ ಮಾತೇ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಯುತ್ತದೆ. ಬಿಡುಗಡೆಯಾಗಿ ಬಂದು ಮಾತ್ರೆ ನಿಲ್ಲಿಸಿದ ದಿನ ಮತ್ತೆ ಕೊಲ್ಲಲು ತೊಡಗುತ್ತದೆ. ಒಡ್ಡಿನ ಗುಣ ಒಡ್ಡಿನಲ್ಲಿಲ್ಲ, ಅದು ಎಲ್ಲಿ, ಎಷ್ಟು ದಿನ ನಿಂತಿದೆ ಎಂಬುದರಲ್ಲಿದೆ.

ಇನ್ನೊಂದು ಮಾತು ಮೈಯ ಬಗ್ಗೆ. ಹೇಗಿದ್ದೀರಿ ಎಂದು ಕೇಳಿದರೆ ನಮ್ಮ ಕಡೆ 'ಆರಾಮ ಇದ್ದೀನ್ರಿ' ಎನ್ನುವುದು ಪದ್ಧತಿ. ಎದೆಯೊಳಗೆ ಏನೇ ಇರಲಿ, ಆರಾಮ. 1979ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಮಗೆ ಆತಂಕ ಕಡಿಮೆ ಎಂದು ಬರೆದುಕೊಟ್ಟವರಲ್ಲಿ ಒಂದು ಗುಂಪಿನವರ ಹೃದಯ ಬಡಿತ, ಹಣೆಯ ಸ್ನಾಯುಗಳ ಬಿಗಿತ ಆತಂಕ ಒಪ್ಪಿಕೊಂಡವರಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚಾಗಿಯೇ ಇತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಾಯಿಗೆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ. ಮನಸ್ಸಿಗೆ ಹಚ್ಚಿಕೊಳ್ಳದ್ದನ್ನು ಮೈ ಹಚ್ಚಿಕೊಂಡಿರುತ್ತದೆ.

ಹಾಗಾದರೆ ಮರೆಯಲೇಬಾರದೇ? ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದು ವೈದ್ಯ ಹೇಳಿ, ರೋಗಿಗೆ ಆಮೇಲೆ ಮಂಗನ ಹೊರತು ಬೇರೇನೂ ನೆನಪಾಗದ ಕಥೆ ನಿಮಗೆಲ್ಲ ಗೊತ್ತು. 1987ರಲ್ಲಿ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮಂಗನ ಬದಲು ಬಿಳಿ ಕರಡಿಯನ್ನಿಟ್ಟುಕೊಂಡು ಅದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದರು. ನೆನೆಯಬೇಡಿ ಎನ್ನಿಸಿಕೊಂಡವರಿಗೆ ಕರಡಿ ಬಂದೇ ಬಂತು; ನಿರ್ಬಂಧ ತೆಗೆದ ಮೇಲೆ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಹೆಚ್ಚಾಗಿ ಬಂತು. ಇಲ್ಲಿ ಒಂದು ಸೂಕ್ಷ್ಮವಿದೆ. ಈಗ ಬೇಡ, ನಾಳೆ ನೋಡೋಣ ಎಂದು ತಿಳಿದೂ ತಿಳಿದೂ ಪಕ್ಕಕ್ಕಿಡುವುದು ಬೇರೆ. ಇಂಥದ್ದೊಂದು ಇಲ್ಲವೇ ಇಲ್ಲ ಎಂದು ತಿಳಿಯದೆಯೇ ಹೂತುಹಾಕುವುದು ಬೇರೆ. ಮೊದಲನೆಯದಕ್ಕೆ ತೂಬಿದೆ.

ಈ ನಗರ ಈ ವ್ಯತ್ಯಾಸವನ್ನು ನೀರಿನಿಂದಲೇ ಕಲಿತಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ನಡುವನ್ನೇ ಕೊಚ್ಚಿಕೊಂಡು ಹೋಯಿತು. ಸತ್ತವರು ಸುಮಾರು 15,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಫ್ಜಲ್‌ಗಂಜ್‌ನ ಆಸ್ಪತ್ರೆಯ ಅಂಗಳದಲ್ಲಿ ಒಂದು ಹುಣಸೆಮರ ಇಂದಿಗೂ ಇದೆ, ಅಂದು ಸುಮಾರು 150 ಜನ ಅದನ್ನು ಹತ್ತಿ ಬದುಕಿದರೆಂದು ಹೇಳುತ್ತಾರೆ. ಮರುವರ್ಷ ನಿಜಾಮರ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನದಿಯನ್ನು ಶಪಿಸಲಿಲ್ಲ, ಇಂಥ ಮಳೆ ಇನ್ನು ಬಾರದು ಎಂಬ ಭರವಸೆಯನ್ನೂ ಕೊಡಲಿಲ್ಲ. ಮತ್ತೆ ಬರುತ್ತದೆ ಎಂಬ ಲೆಕ್ಕದ ಮೇಲೆ ಊರಿನ ಮೇಲ್ಗಡೆ ಜಲಾಶಯಗಳ ಯೋಜನೆ ಹಾಕಿದರು. 1920ರಲ್ಲಿ ಉಸ್ಮಾನ್ ಸಾಗರ, ಅಂದರೆ ಜನರ ಬಾಯಲ್ಲಿ ಗಂಡಿಪೇಟೆ. 1927ರಲ್ಲಿ ಹಿಮಾಯತ್ ಸಾಗರ. ಇಂಥ ಅಣೆಕಟ್ಟು ನೆರೆಯನ್ನು ಇಲ್ಲವಾಗಿಸುವುದಿಲ್ಲ; ಬಂದ ನೀರನ್ನು ಹಿಡಿದು, ಅಳೆದು, ಗೇಟಿನ ಮೂಲಕ ಊರು ತಡೆದುಕೊಳ್ಳುವಷ್ಟನ್ನೇ ಬಿಡುತ್ತದೆ. ಬರಲಿರುವ ಸಂಕಟವನ್ನು ಮೊದಲೇ ನಿಜವಾಗಿ ಕಲ್ಪಿಸಿಕೊಂಡು ಸಿದ್ಧವಾಗುವ ಗುಣವನ್ನು ಮನೋವಿಜ್ಞಾನ ಪಕ್ವವಾದ ರಕ್ಷಣೆಗಳಲ್ಲಿ ಒಂದೆಂದು ಎಣಿಸುತ್ತದೆ. ಅದಕ್ಕೆ ಇದಕ್ಕಿಂತ ಗಟ್ಟಿಯಾದ, ಸುಣ್ಣ ಕಲ್ಲಿನ ಉದಾಹರಣೆ ನನಗೆ ಗೊತ್ತಿಲ್ಲ. ಅದೇ ನಗರ ಮುಂದಿನ ತಲೆಮಾರುಗಳಲ್ಲಿ ಕೆರೆಗಳ ಹೊಟ್ಟೆಯಲ್ಲಿ, ನಾಲೆಗಳ ಮೇಲೆ ಮನೆ ಕಟ್ಟಿತು. 2020ರ ಅಕ್ಟೋಬರಿನಲ್ಲಿ ಬಡಾವಣೆಗಳಿಗೆ ನೀರು ನುಗ್ಗಿದಾಗ ಎಲ್ಲರೂ ಆಶ್ಚರ್ಯಪಟ್ಟರು. ಆ ಆಶ್ಚರ್ಯವನ್ನು ನಾನು ನಿರಾಕರಣೆಯ ಲೆಕ್ಕಕ್ಕೆ ಬರೆಯುತ್ತೇನೆ.

ಈಗ ನೀರಿನಿಂದ ಇನ್ನೊಂದು ಪ್ರವಾಹಕ್ಕೆ ಬರುತ್ತೇನೆ. ಅದರ ಬಗ್ಗೆ ಮಾತಾಡುವುದು ಇಲ್ಲಿ ಕೂತಿರುವ ಅನೇಕ ಮನೆತನಗಳಿಗೆ ಸುಲಭವಲ್ಲ ಎಂಬುದು ನನಗೆ ಗೊತ್ತು. 1947ರ ಕೊನೆಯಿಂದ 1948ರ ಸೆಪ್ಟೆಂಬರಿನವರೆಗೆ ನಿಜಾಮರ ರಾಜ್ಯದ ಕನ್ನಡ ಜಿಲ್ಲೆಗಳು ರಜಾಕಾರರ ಹಾವಳಿಯಲ್ಲಿ ನಲುಗಿದವು. ಕಾಸಿಂ ರಜ್ವಿಯ ಆ ಪಡೆಯ ಹೆಸರು ಕೇಳಿದರೆ ಸಾಕು, ಊರು ಬಿಟ್ಟು ಹೊಲ ಸೇರುತ್ತಿದ್ದ ಕಾಲ ಅದು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಕೊಲೆಗಳನ್ನು ಇಂದಿಗೂ ಆ ಸೀಮೆಯಲ್ಲಿ ಹೆಸರು ಹಿಡಿದು ನೆನೆಯುತ್ತಾರೆ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಅದರ ಬೆನ್ನಿಗೆ ಅನೇಕ ಊರುಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿತು. ಆ ಚಳಿಗಾಲದಲ್ಲಿ ಪಂಡಿತ ಸುಂದರಲಾಲರ ನೇತೃತ್ವದ ಸಮಿತಿ ಜಿಲ್ಲೆಗಳನ್ನು ಸುತ್ತಿ, ಸತ್ತವರು 27,000ದಿಂದ 40,000 ಇರಬಹುದೆಂದು ಅಂದಾಜು ಮಾಡಿತು; ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ಸರ್ಕಾರ ಒಂದು ಕಡತವನ್ನು ಮುಚ್ಚಿಟ್ಟದ್ದನ್ನು 'ಸಾಮೂಹಿಕ ದಮನ' ಎಂದು ಕರೆಯುವ ಚಟ ಇತ್ತೀಚೆಗೆ ಹೆಚ್ಚಾಗಿದೆ. ನಾನು ಕರೆಯುವುದಿಲ್ಲ. ಸರ್ಕಾರಕ್ಕೆ ಸುಪ್ತಮನಸ್ಸಿಲ್ಲ, ಬೀರು ಇದೆ. ಕಡತ ಎಲ್ಲಿದೆ ಎಂದು ಅದಕ್ಕೆ ಚೆನ್ನಾಗಿಯೇ ಗೊತ್ತಿರುತ್ತದೆ. ದಮನ ನಡೆಯುವುದು ಮನೆಗಳಲ್ಲಿ. ಅದರ ಮೊದಲ ಗುರುತು ಹೆಸರಿನಲ್ಲೇ ಇದೆ. ಟ್ಯಾಂಕು, ವಿಮಾನಗಳ ಸಮೇತ ಬಂದ ಸೈನ್ಯದ ಕಾರ್ಯಾಚರಣೆಯನ್ನು ದೆಹಲಿಯಿಂದ ಹಳ್ಳಿಯವರೆಗೆ ಎಲ್ಲರೂ 'ಪೊಲೀಸ್ ಆ್ಯಕ್ಷನ್' ಎಂದರು. ದೆಹಲಿಗೆ ಅದರಲ್ಲಿ ರಾಜತಂತ್ರವಿತ್ತು. ಆದರೆ ನಮ್ಮ ಹಿರಿಯರಿಗೆ? ಅವರಿಗೆ ಅದೊಂದು ಚಿಕ್ಕ ಮಾತಾಗಿ ಒದಗಿತು, ದೊಡ್ಡದನ್ನು ಒಳಗಿಡಬಹುದಾದ ಚಿಕ್ಕ ಡಬ್ಬಿ. ಇನ್ನೂ ಕೆಲವರು ಅಷ್ಟನ್ನೂ ಅನ್ನದೆ 'ಆ ಗಡಿಬಿಡಿಯೊಳಗ' ಎಂದು ಸಾಗುತ್ತಿದ್ದರು. ಆ ಗಡಿಬಿಡಿಯೊಳಗೆ ಎತ್ತು ಹೋದವು, ಆ ಗಡಿಬಿಡಿಯೊಳಗೆ ದೊಡ್ಡಪ್ಪ ಹೋದರು. ಎರಡಕ್ಕೂ ಒಂದೇ ದನಿ. ಘಟನೆಯ ನೆನಪನ್ನು ಉಳಿಸಿಕೊಂಡು ಅದರ ಭಾವವನ್ನು ಮಾತ್ರ ಕತ್ತರಿಸಿ ತೆಗೆಯುವ ಈ ಬಗೆಗೂ ಪುಸ್ತಕದಲ್ಲಿ ಹೆಸರಿದೆ. ಎರಡನೆಯ ಗುರುತು, ಯಾವುದನ್ನು ಹೇಳುತ್ತಾರೆ, ಯಾವುದನ್ನು ಹೇಳುವುದಿಲ್ಲ ಎಂಬುದು. ನಮಗಾದದ್ದನ್ನು ದಿನ, ತಿಥಿ ಸಮೇತ ಹೇಳುವ ಮನೆಗಳಲ್ಲಿ, ನೆರೆಯ ಓಣಿಗೆ ಆದದ್ದರ ವಿಷಯ ಬಂದೊಡನೆ 'ಯಾರೋ ಹೊರಗಿನವರು ಬಂದು ಮಾಡಿದರು' ಎಂಬ ವಾಕ್ಯ ಬರುತ್ತದೆ. ಆ ಹೊರಗಿನವರಿಗೆ ಯಾರ ಕಥೆಯಲ್ಲೂ ಊರಿಲ್ಲ. ಅತ್ತ ಕಡೆಯ ಮನೆಗಳಲ್ಲೂ ಇಂಥದೇ ವಾಕ್ಯ, ದಿಕ್ಕು ಮಾತ್ರ ಬದಲು.

ನನ್ನ ಬಾಲ್ಯದ ಕಾಚಿಗೂಡದ ಮನೆಯಲ್ಲಿ ಬೀದರ ಸೀಮೆಯಿಂದ ಬಂದ ಆಯಿ ಒಬ್ಬರಿದ್ದರು. ರಾತ್ರಿ ದೀಪ ಆರಿಸುವ ಮುಂಚೆ, ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ಬಗಲಲ್ಲಿ ಎತ್ತಿಕೊಂಡು ಬಂದು, ಅಗುಳಿ ಹಾಕಿದ ಬಾಗಿಲಿಗೆ ಒಳಗಡೆಯಿಂದ ಒತ್ತಾಗಿ ಇಡುತ್ತಿದ್ದರು. ಬೆಳಿಗ್ಗೆ ಮತ್ತೆ ಅದರ ಜಾಗಕ್ಕೆ. ಹಿಡಿಗೂಟ ಹೋಗಿ ಬರೀ ತೂತು ಉಳಿದಿತ್ತು, ಆ ತೂತಿಗೆ ಎರಡು ಬೆರಳು ಹಾಕಿ ಕೊನೆಯ ಒಂದಡಿಯನ್ನು ಜರುಗಿಸುತ್ತಿದ್ದರು. ಸಿಮೆಂಟಿನ ನೆಲದಲ್ಲಿ ಅರ್ಧಚಂದ್ರದ ಹಾಗೆ ಗೀರು ಬಿದ್ದಿತ್ತು. ಏಕೆ ಎಂದು ಕೇಳಿದರೆ ಉತ್ತರ ಸಿದ್ಧ: 'ಇಲಿ ಬರ್ತಾವಪ್ಪ.' ಇಲಿ ಬಾಗಿಲು ನೂಕಿಕೊಂಡು ಬರುವುದಿಲ್ಲ ಎಂದು ಮಕ್ಕಳಿಗೂ ಗೊತ್ತಿತ್ತು. ಆದರೂ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಸಮರ್ಥನೆ ಎಂಬ ರಕ್ಷಣೆಗೆ ಕೇಳುವವರ ಸಹಕಾರವೂ ಬೇಕು. ಕಲ್ಲು ಅವರದಾದರೂ, ಇಲಿಯನ್ನು ಸಾಕಿದ್ದು ಇಡೀ ಮನೆ.

1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಕಾಚಿಗೂಡ ಇದ್ದಲ್ಲೇ ಉಳಿಯಿತು. ಊರು ಬಿಟ್ಟು ಬಂದವರ ದುಃಖವನ್ನು ಬರೆದವರು ಬಹಳ. ಕೂತಲ್ಲೇ ಕೂತು, ರಾಜ್ಯವೇ ತಮ್ಮನ್ನು ಬಿಟ್ಟು ಹೋದವರ ಕಸಿವಿಸಿಯನ್ನು ಬರೆದವರು ಕಡಿಮೆ. ಕೆಲವರು 'ಎಲ್ಲಿದ್ದರೇನು, ಎಲ್ಲಾ ಭಾರತವೇ' ಎಂದು ತತ್ತ್ವದ ಕಡೆ ಹೊರಳಿದರು. ಕೆಲವರಿಗೆ ಅಲ್ಲಿಯದೆಲ್ಲ ಛಂದ, ಇಲ್ಲಿಯದೆಲ್ಲ ಕಳಪೆ ಆಯಿತು; ಬೆಂಗಳೂರಿಗೆ ಹೋಗಿ, ಅಲ್ಲಿ ತಮ್ಮ ಕನ್ನಡವನ್ನು ಕೇಳಿ ನಕ್ಕವರನ್ನು ಕಂಡು ಬಂದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಇನ್ನು ಕೆಲವರು ಶಾಲೆ ನಡೆಸಿದರು, ಪುಸ್ತಕ ಕೂಡಿಸಿದರು, ನಾಟಕ ಆಡಿದರು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗನ ಹೆಸರಿನ ಶಾಲೆ ಕಣ್ಣೆದುರಿಗಿವೆ. ಬೇಗುದಿಯನ್ನು ನಾಲ್ಕು ಜನಕ್ಕೆ ಉಪಯೋಗವಾಗುವ ಕೆಲಸವಾಗಿ ಹರಿಸುವುದಕ್ಕೆ ಉದಾತ್ತೀಕರಣ ಎನ್ನುತ್ತಾರೆ. ಒಂದು ಎಚ್ಚರಿಕೆ: ಶಾಲೆ ಕಟ್ಟಿದವರೆಲ್ಲ ಆತಂಕದಿಂದಲೇ ಕಟ್ಟಿದರು ಎಂದರೆ ಅವರಿಗೆ ಅನ್ಯಾಯ. ಮಕ್ಕಳಿಗೆ ಕನ್ನಡ ಬರಲಿ ಎಂದೂ ಶಾಲೆ ಕಟ್ಟುತ್ತಾರೆ. ಎಲ್ಲವನ್ನೂ ರಕ್ಷಣೆಯೆಂದು ಓದುವವರ ಕೈಯಲ್ಲಿ ಈ ಸಿದ್ಧಾಂತ ಯಾವ ಪ್ರಶ್ನೆಗೂ ಸೋಲದ ವಾದವಾಗಿಬಿಡುತ್ತದೆ. ಒಪ್ಪಿದರೆ ಸರಿ, ಒಪ್ಪದಿದ್ದರೆ ಅದು ನಿಮ್ಮ ನಿರಾಕರಣೆ! ತತ್ತ್ವಜ್ಞಾನಿ ಕಾರ್ಲ್ ಪಾಪರ್ ಮನೋವಿಶ್ಲೇಷಣೆಯ ಮೇಲೆ ಹೊರಿಸಿದ ಆಕ್ಷೇಪ ಇದೇ ಜಾತಿಯದು, ಅದಕ್ಕೆ ಪೂರ್ತಿ ಸಮಾಧಾನ ಇನ್ನೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ರಕ್ಷಣೆಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದವರು ಅಮೆರಿಕದ ಮನೋವೈದ್ಯ ಜಾರ್ಜ್ ವೈಲೆಂಟ್. 1938ರಲ್ಲಿ ಹಾರ್ವರ್ಡಿನಲ್ಲಿ ಶುರುವಾದ ಒಂದು ಅಧ್ಯಯನ 268 ವಿದ್ಯಾರ್ಥಿಗಳನ್ನು ಆಯ್ದು ಅವರ ಬದುಕನ್ನು ಮುಪ್ಪಿನವರೆಗೆ ಹಿಂಬಾಲಿಸಿತು. ಅದರ ಆಧಾರದ ಮೇಲೆ 1977ರಲ್ಲಿ ವೈಲೆಂಟ್ ಬರೆದದ್ದರ ಸಾರ ಇಷ್ಟು: ಕಷ್ಟ ಯಾರಿಗೂ ತಪ್ಪಲಿಲ್ಲ, ಕಷ್ಟವನ್ನು ತಡೆದ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದಾಗಿತ್ತು, ಬಾಳು ಹೇಗಾಯಿತೆಂಬುದು ಅದನ್ನು ಅನುಸರಿಸಿತು. ಕೆಳಗಿನ ಮೆಟ್ಟಿಲಲ್ಲಿ ವಾಸ್ತವವನ್ನೇ ತಿರುಚುವ ರಕ್ಷಣೆಗಳು, ಮೇಲೆ ಪರೋಪಕಾರ, ಮುನ್ನೆಚ್ಚರ, ತಿಳಿದು ತಡೆಹಿಡಿಯುವುದು, ಉದಾತ್ತೀಕರಣ, ಹಾಸ್ಯ. ಈ ಮೆಟ್ಟಿಲು ಉಪಯುಕ್ತ, ಆದರೆ ಅದನ್ನು ಕಟ್ಟಿದ ಕಲ್ಲು ಎಲ್ಲಿಯದೆಂದು ಮರೆಯಬಾರದು. ಆ 268 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಬಡವರು ಅಪರೂಪ. ಕೂಡುಕುಟುಂಬದಲ್ಲಿ ಹತ್ತು ಜನರ ನಡುವೆ ತುಟಿ ಬಿಗಿಹಿಡಿದ ಹೆಂಗಸಿನ ಮೌನ ಯಾವ ಮೆಟ್ಟಿಲಿಗೆ ಸೇರುತ್ತದೆ? ಅದು ತಿಳಿದು ತಡೆಹಿಡಿದದ್ದೋ, ದಮನವೋ, ಬೇರೆ ದಾರಿಯೇ ಇಲ್ಲದ್ದೋ? ಮಾತಾಡಿದರೆ ಕೇಳುವವರು ಇರುವ ಮನೆಯಲ್ಲಿ ಮಾತ್ರ ಮೌನವನ್ನು ರೋಗಲಕ್ಷಣ ಎನ್ನಬಹುದು.

ಹಾಸ್ಯದ ಬಗ್ಗೆ ಕನ್ನಡದ್ದೇ ಒಂದು ಸಾಕ್ಷಿಯಿದೆ. ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ, ಮಹಾಯುದ್ಧದ ನಡುವೆ, 'ಕೊರವಂಜಿ' ಎಂಬ ನಗೆಪತ್ರಿಕೆ ಹೊರಡಿಸಿದರು. ಅದೇ ಕೈ ಮನಸ್ಸಿನ ರೋಗಗಳ ಮೇಲೆ 'ಮನಮಂಥನ' ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಗಿಸುವುದನ್ನೂ ಮನಸ್ಸನ್ನು ಶೋಧಿಸುವುದನ್ನೂ ಒಬ್ಬ ವೈದ್ಯರೇ ಮಾಡಿದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಬೇರೆ ರಕ್ಷಣೆಗಳು ನೋವನ್ನು ಕಣ್ಣಿಂದ ಮರೆ ಮಾಡುತ್ತವೆ. ಹಾಸ್ಯ ಅದನ್ನು ಎದುರಿಗೇ ಇಟ್ಟುಕೊಂಡು, ತೂಕ ಮಾತ್ರ ಇಳಿಸುತ್ತದೆ. ಆದರೆ ಇನ್ನೊಬ್ಬರನ್ನು ಚುಚ್ಚಿ ನಗುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಹೈದರಾಬಾದಿನಲ್ಲಿ ಜಗಳದ ನಡುವೆ 'ಎರ್ರಗಡ್ಡಕ್ಕೆ ಹೋಗು' ಎನ್ನುವ ಮಾತುಂಟು. ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೆಸರು ಬೈಗುಳವಾಗಿ ಹೋಗಿದೆ. ಹುಚ್ಚು ಅಲ್ಲಿದೆ, ಆ ಗೋಡೆಯ ಒಳಗೆ, ಇಲ್ಲಿ ನನ್ನೊಳಗಿಲ್ಲ ಎಂಬ ಧೈರ್ಯಕ್ಕಾಗಿ ಆಡುವ ಮಾತು ಅದು. ಆ ಧೈರ್ಯದ ಬೆಲೆಯನ್ನು ತೆರುವವರು, ನಿದ್ದೆ ಬಾರದೆ ಮೂರು ತಿಂಗಳಾದರೂ ಆ ಗೇಟಿನ ಮುಂದೆ ರಿಕ್ಷಾ ಇಳಿಯಲು ನಾಚುವವರು. 2022ರ ಅಕ್ಟೋಬರ್ 10ರಿಂದ ಟೆಲಿಮಾನಸ್ ಎಂಬ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು, ಯಾರೂ ನೋಡುವುದಿಲ್ಲ. ಒಡ್ಡಿಗೆ ಅಷ್ಟರ ಮಟ್ಟಿಗೆ ಒಂದು ತೂಬು.

ಚಿಕಿತ್ಸೆಯ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಓದಿದ ಹುಮ್ಮಸ್ಸಿನಲ್ಲಿ ಮನೆಯವರ ರಕ್ಷಣೆಗಳನ್ನು ಹೆಸರಿಟ್ಟು ಕರೆಯಲು ಹೋಗಬೇಡಿ. 'ನೀವು ಪ್ರಕ್ಷೇಪಣೆ ಮಾಡುತ್ತಿದ್ದೀರಿ', ಅಂದರೆ ನಿಮ್ಮೊಳಗಿನದನ್ನು ನನ್ನ ಮೇಲೆ ಹೊರಿಸುತ್ತಿದ್ದೀರಿ, ಎಂದು ಹೆಂಡತಿಗೆ ಹೇಳಿದ ಗಂಡ ಮನೋವಿಜ್ಞಾನ ಕಲಿತಿಲ್ಲ, ಜಗಳಕ್ಕೆ ಹೊಸ ಕೋಲು ಕಂಡುಕೊಂಡಿದ್ದಾನೆ. ಅನುಭವಸ್ಥ ಚಿಕಿತ್ಸಕರು ಒಡ್ಡನ್ನು ಒಡೆಯುವುದಿಲ್ಲ. ಅದರ ಹಿಂದೆ ಎಷ್ಟು ನೀರಿದೆ ಎಂದು ಮೊದಲು ನೋಡುತ್ತಾರೆ. ಅಂದ ಹಾಗೆ, ಹೆದರಿಕೆಯನ್ನು ವಿಷಯ ಮಾಡಿ, ವಿಷಯವನ್ನು ಉಪನ್ಯಾಸ ಮಾಡಿ, ಇಸವಿಗಳನ್ನು ಪೋಣಿಸಿ, ಹೆದರದೆ ಮಾತಾಡುವುದಕ್ಕೂ ಒಂದು ಹೆಸರಿದೆ: ಬೌದ್ಧಿಕೀಕರಣ. ಇಷ್ಟು ಹೊತ್ತು ನಾನು ಮಾಡಿದ್ದು ಅದನ್ನೇ.

ಆಯಿಯ ಕಲ್ಲಿನ ಮಾತು ಅರ್ಧಕ್ಕೆ ನಿಂತಿತ್ತು. ನಮ್ಮ ಮನೆಗೆ ಹೊಸದಾಗಿ ಬಂದ ಸೊಸೆಯೊಬ್ಬಳು, ರಾಯಚೂರಿನ ಹುಡುಗಿ, ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಇಲಿಯ ಬಗ್ಗೆ ಅವಳು ಕೇಳಲಿಲ್ಲ, ಕಲ್ಲಿನ ಬಗ್ಗೆಯೂ ಕೇಳಲಿಲ್ಲ. 'ಆಯಿ, ನಿಮ್ಮೂರಿನ ಮನಿ ಬಾಗಿಲು ಯಾವ ಕಡಿ ಇತ್ತು?' ಎಂದಳು. ಆಯಿ ಮೊರದಿಂದ ತಲೆ ಎತ್ತದೆ ಹೇಳತೊಡಗಿದರು: ಬಾಗಿಲು ಮೂಡಲಕ್ಕಿತ್ತು, ಒಂದೇ ಅಗುಳಿ, ಅದೂ ಸಡಿಲು; ಬೆಳದಿಂಗಳಿತ್ತು; ಅಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಸುಮಾರು ಅರ್ಧ ಗಂಟೆ ಹೇಳಿದರು. ನಡುವೆ ಒಮ್ಮೆ ಕೈ ನಿಂತಿತು, ಮತ್ತೆ ಬೇಳೆಯೊಳಗೆ ಹೋಯಿತು. ಕಲ್ಲು ಹರಳು ತೆಗೆದ ಬೇಳೆಯನ್ನು ಡಬ್ಬಿಗೆ ಸುರಿದು ಎದ್ದು ಹೋದರು. ಆ ರಾತ್ರಿಯೂ ಬೀಸುವ ಕಲ್ಲು ಬಾಗಿಲಿಗೆ ಬಂತು. ಕೊನೆಯ ಒಂದಡಿಯನ್ನು ಸೊಸೆ ನೂಕಿಕೊಟ್ಟಳು.